ಸಹಿ ಹಾಕದ ಸಾಲು

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಓಣಿಗೆ ನೀರು ಬಿಡುವ ದಿನ ಉಳಿದ ಕೆಲಸವೆಲ್ಲ ಹಿಂದಕ್ಕೆ. ಆ ಭಾನುವಾರ ಬೆಳಿಗ್ಗೆ ಎರಡು ಕೊಡ ತುಂಬಿಸಿ, ಪೈಪನ್ನು ಡ್ರಮ್ಮಿಗೆ ಬಿಡುವಷ್ಟರಲ್ಲಿ ನುಜತ್ ಫೋನ್ ಮಾಡಿದಳು. ಅವಳೂ ನಾನೂ ಆರು ತಿಂಗಳಿಂದ ಒಟ್ಟಿಗೆ ಕಬ್ಬಿಣ ಕಡೆಯುವ ಲೇತ್ ಮಷೀನು ಕಲಿಯುತ್ತಿದ್ದೆವು. ಅವತ್ತು ಹರಿಹರದಲ್ಲಿ ಕೊನೆಯ ಪರೀಕ್ಷೆ. ಯಾರ ಪರೀಕ್ಷೆ ಯಾರು ಮಾಡುತ್ತಾರೆಂದು ವಾಟ್ಸ್ಯಾಪ್ ಗ್ರೂಪಿಗೆ ಬಂದ ಪಟ್ಟಿ ನೋಡಿದೆಯಾ ಎಂದು ಕೇಳಿದಳು. ನೋಡಿರಲಿಲ್ಲ.

"ಹನ್ನೆರಡು ಮಂದಿಯಾಗೆ ಹನ್ನೊಂದು ಮಂದಿಗೆ ಅಂಜನ್ ಸರ್. ನಿನ್ನೊಬ್ಬಾಕಿನ್ನ ಮಾತ್ರ ವಾಮದೇವಪ್ಪ ಸರ್‌ಗೆ ಹಾಕ್ಯಾರೆ. ಯಾಕ ರೇವತಿ, ಜಗಳ ಆಡಿದ್ರಾ?"

ಜಗಳ ಎಲ್ಲಿಂದ ಬರಬೇಕು? ಹಿಂದಿನ ದಿನವಷ್ಟೇ, ನಾನು ಹೊರಡುವಾಗ, "ನಾಳೆ ಹೆದರಬ್ಯಾಡ್ರಿ" ಎಂದಿದ್ದರು ನಮಗೆ ಕಲಿಸುವ ಅಂಜನ್ ಸರ್. ಹೇಳಿ ಮುಗಿದ ಮೇಲೂ ಒಂದು ಗಳಿಗೆ ನನ್ನನ್ನೇ ನೋಡುತ್ತ ನಿಂತಿದ್ದರು. ಆ ನೋಟವನ್ನು ನಾನು ಬಸ್ಸಿನಲ್ಲಿ ಮನೆಯವರೆಗೂ ಜೋಪಾನವಾಗಿ ತಂದಿದ್ದೆ.

ಡ್ರಮ್ಮು ತುಂಬಿ ಅಂಗಳಕ್ಕೆ ಹರಿಯಿತು. ಎಂಟು ವರ್ಷದ ನನ್ನ ಮಗಳು ಭವ್ಯಾ ಓಡಿಬಂದು ನಲ್ಲಿ ತಿರುಗಿಸಿದಳು. ನನ್ನ ಮುಖ ನೋಡಿ ಏನೋ ಕೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಒಂದು ತಿಂಗಳಿಂದ ಹೀಗೇ. ನಾನು ಒತ್ತಾಯ ಮಾಡಿರಲಿಲ್ಲ. ಕಾಯಿ ಇರುವಾಗಲೇ ಕಿತ್ತರೆ ಯಾವುದೂ ಸಿಹಿಯಾಗುವುದಿಲ್ಲ.

ಭವ್ಯಾಳಿಗೆ ಮೂರು ವರ್ಷವಿದ್ದಾಗ ಅವಳ ಅಪ್ಪ ತೀರಿಹೋದರು. ಆಮೇಲೆ ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹಚ್ಚುತ್ತ, ಪೀಕೋ ಮಾಡುತ್ತ ಐದು ವರ್ಷ ಕಳೆದೆ. ಮಗಳ ಶಾಲೆಯ ಗೋಡೆಯ ಮೇಲೆ ತರಬೇತಿಯ ನೋಟೀಸು ಕಂಡಾಗ, ಹೆಂಗಸರನ್ನೂ ಲೇತಿನ ಮುಂದೆ ನಿಲ್ಲಿಸುತ್ತಾರೆಯೇ ಎಂಬ ಕುತೂಹಲಕ್ಕೇ ಹೋಗಿದ್ದು.

ಮೊದಲ ದಿನ ನಾನೇ ಕೈ ಎತ್ತಿ ಕೇಳಿದ್ದೆ. ಹರಿಹರದ ನಾಲ್ಕು ವರ್ಕ್‌ಶಾಪಿನವರು ಒಬ್ಬರ ಗಿರಾಕಿಯನ್ನು ಒಬ್ಬರು ಎಳೆಯುವವರು. ಅವರೆಲ್ಲ ಸೇರಿ ನಮಗೆ ಯಾಕೆ ಕಲಿಸಬೇಕು?

ಅಂಜನಕುಮಾರ್ ಆ ನಾಲ್ಕರಲ್ಲಿ ಒಂದು ವರ್ಕ್‌ಶಾಪಿನಲ್ಲಿ ಹನ್ನೆರಡು ವರ್ಷ ಮಷೀನು ನಡೆಸಿ, ಈಗ ಕಲಿಸಲು ಬಂದವರು. ಮೂವತ್ತಾರು ದಾಟಿದ್ದರೂ ಮದುವೆಯಾಗಿರಲಿಲ್ಲ. ನನ್ನ ಪ್ರಶ್ನೆಗೆ ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಕ್ಕರು. ಒಬ್ಬರು ವರ್ಷಗಟ್ಟಲೆ ಕಲಿಸಿದ ಕೆಲಸಗಾರನನ್ನು ಪಕ್ಕದವರು ಹೆಚ್ಚು ಪಗಾರ ಕೊಟ್ಟು ಕರೆದುಕೊಳ್ಳುತ್ತಿದ್ದರಂತೆ. ಹಾಗಾಗಿ ಯಾರೂ ಯಾರಿಗೂ ಕಲಿಸದಂತಾಯಿತು. ಹೊರ ರಾಜ್ಯದವರನ್ನು ಕರೆಸಿದರೆ ಹಬ್ಬಕ್ಕೆಂದು ಊರಿಗೆ ಹೋದವರು ತಿರುಗಿ ಬರುತ್ತಿರಲಿಲ್ಲ. ಮಷೀನುಗಳು ಖಾಲಿ ನಿಂತಾಗ ನಾಲ್ವರೂ ಕೂತು ಮಾತಾಡಿದರು. ದಾವಣಗೆರೆಯ ಐಟಿಐ ಶೆಡ್ಡು ಕೊಟ್ಟಿತು, ಇವರು ಮಷೀನು ಮತ್ತು ಮೇಷ್ಟ್ರನ್ನು ಕೊಟ್ಟರು, ಸರ್ಕಾರಿ ಕಚೇರಿ ಉಳಿದ ಖರ್ಚು ಹೊತ್ತಿತು. ಪಾಠ ಒಂದೇ, ಪರೀಕ್ಷೆ ಒಂದೇ. ಪಾಸಾದವರು ನಾಲ್ಕರಲ್ಲಿ ತಮಗೆ ಬೇಕಾದ ಕಡೆ ಸೇರಬಹುದು.

"ಸಂಜಿಗೆ ಇಲ್ಲೇ ಮನಿಗೆ ಹೋಗೋರು ಬೇಕಾಗ್ಯಾರ್ರಿ ನಮಗೆ" ಎಂದರು. ಆಮೇಲೆ ಬೇರೆಯವರ ಪ್ರಶ್ನೆಗೆ ಉತ್ತರಿಸುವಾಗಲೂ ಅವರ ಕಣ್ಣು ಒಮ್ಮೆ ನನ್ನ ಕಡೆ ಬಂದು ಹೋಯಿತು.

ಆಗ ಕ್ಲಾಸು ಎಂಟು ಗಂಟೆಗೆ ಶುರುವಾಗುತ್ತಿತ್ತು. ನಾನು ಎರಡು ದಿನ ತಡವಾಗಿ ಹೋದೆ. ಕಾರಣ ಕೇಳಿದರು. ಮಗಳನ್ನು ಒಂಬತ್ತೂವರೆಗೆ ಶಾಲೆಗೆ ಬಿಡಬೇಕು ಎಂದೆ. ಮುಂದಿನ ಸೋಮವಾರದಿಂದ ಎಲ್ಲರಿಗೂ ಹತ್ತು ಗಂಟೆ. ನಾಲ್ಕು ಮಾಲೀಕರ ಜೊತೆ ಅವರು ಎರಡು ದಿನ ವಾದ ಮಾಡಿದ್ದರು ಎಂದು ಆಮೇಲೆ ಗೊತ್ತಾಯಿತು. ಸಮಯ ಬದಲಾದದ್ದು ಕೇಳಿ ಮಾಯಕೊಂಡದಿಂದ ಮೂವರು ಹೆಂಗಸರು ಹೊಸದಾಗಿ ಬಂದು ಸೇರಿದರು. ಧನ್ಯವಾದ ಹೇಳಲು ಹೋದರೆ, ಅದೆಲ್ಲ ಅವರಿಗಾಗಿ ಮಾಡಿದ್ದು ಅನ್ನುವ ಹಾಗೆ ಆ ಮೂವರ ಕಡೆ ಕೈ ತೋರಿಸಿಬಿಟ್ಟರು.

ಅಳತೆಯ ಸಾಮಾನನ್ನು ಅವರು ಎಂದೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಮೇಜಿನ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದರು. ನಾನು ಎತ್ತಿಕೊಂಡಾಗ ಅದು ಅವರ ಅಂಗೈಯ ಬಿಸಿಯಲ್ಲೇ ಇರುತ್ತಿತ್ತು.

ಶನಿವಾರ ಮಧ್ಯಾಹ್ನ ಭವ್ಯಾ ಅಲ್ಲಿಗೇ ಬರುತ್ತಿದ್ದಳು. ಒಂದು ಸಲ ಅವಳ ಒಂದು ಕೂದಲು ತೆಗೆದು ಮೈಕ್ರೋಮೀಟರಿನಲ್ಲಿ ಅಳೆದು ತೋರಿಸಿದರು. ಅವಳು ಕಣ್ಣರಳಿಸಿ, ಅಮ್ಮನದೂ ಅಳೆಯಿರಿ ಎಂದಳು. ಅವರು ನನ್ನ ಜಡೆಯ ಕಡೆ ಅರ್ಧ ನೋಡಿ, ದೃಷ್ಟಿಯನ್ನು ಮಷೀನಿಗೆ ತಿರುಗಿಸಿದರು.

"ಅದು ಸಿಲಬಸ್‌ನಾಗೆ ಇಲ್ಲಮ್ಮ" ಎಂದರು. ಅವರ ಕಿವಿಯ ತುದಿ ಕೆಂಪಾಗಿತ್ತು.

ಅಂಥವರು ನನ್ನೊಬ್ಬಳನ್ನೇ ತಮ್ಮ ಪಟ್ಟಿಯಿಂದ ದೂರ ಇಟ್ಟಿದ್ದರು. ನಾನು ಫೇಲಾಗುತ್ತೇನೆ, ಅದನ್ನು ತಮ್ಮ ಕೈಯಿಂದ ಬರೆಯುವುದು ಬೇಡ ಎಂದುಕೊಂಡರೇ? ಫೇಲಾದರೆ ಮತ್ತೆ ಸೀರೆಯ ಅಂಚಿಗೇ. ಆದರೆ ನಿಜ ಹೇಳಬೇಕೆಂದರೆ, ಹರಿಹರದ ಬಸ್ಸಿನಲ್ಲಿ ಭವ್ಯಾಳ ಪಕ್ಕ ಕೂತಾಗ ಕೆಲಸದ ಚಿಂತೆಗಿಂತ ಹೆಚ್ಚಾಗಿ ಕೊರೆದದ್ದು, ಅವರು ನನ್ನ ಬಗ್ಗೆ ಇಷ್ಟೇ ಅಂದುಕೊಂಡಿದ್ದರೇ ಎಂಬುದು.

ಪರೀಕ್ಷೆಯಿದ್ದ ವರ್ಕ್‌ಶಾಪಿನ ಗೇಟಿನಲ್ಲಿ ಅಂಜನ್ ಸರ್ ನಿಂತಿದ್ದರು. ತಲೆ ಆಡಿಸಿದರು. ನಾನು ನೋಡದವಳ ಹಾಗೆ ಒಳಗೆ ಹೋದೆ. ಭವ್ಯಾ ಎದುರಿನ ಬೇವಿನ ಮರದ ಕೆಳಗೆ ನುಜತ್‌ಳ ಅಮ್ಮನ ಜೊತೆ ಕೂತಳು.

ವಾಮದೇವಪ್ಪನವರು ಆ ವರ್ಕ್‌ಶಾಪಿನ ಮಾಲೀಕರು; ತರಬೇತಿ ಮುಗಿದ ಮೇಲೆ ಅಂಜನ್ ಸರ್ ಮರಳುವುದು ಇನ್ನೊಬ್ಬರ ಶಾಪಿಗೆ. ಬಿಳಿ ಜುಬ್ಬಾ, ಹಣೆಯ ಮೇಲೆ ವಿಭೂತಿ. ಯಾರ ಕೆಲಸವನ್ನೂ ಚೆನ್ನಾಗಿದೆ ಎಂದು ಹೊಗಳಿದವರಲ್ಲ. ಎರಡು ಗಂಟೆಯೊಳಗೆ ಇಪ್ಪತ್ತೈದು ಮಿಲಿಮೀಟರ್ ದಪ್ಪದ ಶಾಫ್ಟು, ಅಂದರೆ ಕಬ್ಬಿಣದ ದಂಡ, ಕಡೆದು ಕೊಡಬೇಕು. ಅಳತೆ ಹೆಚ್ಚು ಕಡಿಮೆಯಾದರೂ ಅದು ಕೂದಲಿನ ದಪ್ಪಕ್ಕಿಂತ ಕಡಿಮೆ ಇರಬೇಕು. ಮೊದಲ ಅರ್ಧ ಗಂಟೆ ಒಂದೇ ಅಳತೆಯನ್ನು ಮತ್ತೆ ಮತ್ತೆ ನೋಡಿದೆ. ಆಮೇಲೆ ಸಿಟ್ಟು ಬಂತು. ಅಂಜನ್ ಸರ್‌ಗೆ ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಇಲ್ಲ, ನನ್ನ ಕೈಯ ಮೇಲೆ ನನಗಿದೆ. ಕೊನೆಯ ಪದರ ತೆಗೆಯುವಾಗ ಉಸಿರು ಹಿಡಿದಿದ್ದೆ.

ವಾಮದೇವಪ್ಪನವರು ಮೂರು ಕಡೆ ಅಳೆದರು. ತಿರುಗಿಸಿ ಮತ್ತೆ ಅಳೆದರು. ಕನ್ನಡಕ ತೆಗೆದು, ಪಾಸು ಎಂದರು. ನಾಲ್ಕರಲ್ಲಿ ಯಾವ ಕಡೆ ಸೇರುತ್ತೀ ಎಂದು ಕೇಳಿದರು.

ಅದಿರಲಿ, ನನ್ನನ್ನು ಯಾಕೆ ಬೇರೆ ಮಾಡಿದಿರಿ ಎಂದೆ.

ಅವರು ಹಾಳೆಯೊಂದನ್ನು ನನ್ನ ಕಡೆ ತಿರುಗಿಸಿದರು. ನಾಲ್ಕು ಮಾಲೀಕರು ಸೇರಿ ಕಲಿಸಿದರೂ ಒಬ್ಬರ ಮೇಲೊಬ್ಬರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ತಮ್ಮ ತಮ್ಮವರನ್ನೇ ಪಾಸು ಮಾಡಿಬಿಟ್ಟರೆ ಎಂಬ ಅನುಮಾನ. ಅದಕ್ಕೇ ಪರೀಕ್ಷೆ ಮಾಡುವವರು ಪ್ರತಿ ಹೆಸರಿನ ಮುಂದೆ, 'ಇವರು ನನ್ನ ಬಂಧುವಲ್ಲ, ಆಪ್ತರಲ್ಲ' ಎಂಬ ಸಾಲಿಗೆ ಸಹಿ ಹಾಕಬೇಕಿತ್ತು. ಹನ್ನೊಂದು ಸಾಲಿನಲ್ಲಿ ಅಂಜನಕುಮಾರ್ ಅವರ ಸಹಿ ಇತ್ತು. ನನ್ನ ಹೆಸರಿನ ಮುಂದೆ ಖಾಲಿ.

"ಸಂಬಂಧ ಏನಪ್ಪಾ ಅಂತ ಅಂಜನ್‌ಗೆ ಕೇಳ್ದೆ" ಎಂದರು ವಾಮದೇವಪ್ಪನವರು. "ಸಂಬಂಧ ಏನಿಲ್ಲ ಸರ್, ಆದ್ರ ಆಪ್ತರಲ್ಲ ಅಂತ ಬರಿಯಕ್ಕೆ ಕೈ ಏಳವಲ್ದು ಅಂದ. ಇಷ್ಟು ವರ್ಷದಾಗೆ ಸುಳ್ಳು ಅಳತಿ ಬರದೋನಲ್ಲ ಅಂವ."

ಆ ಖಾಲಿ ಜಾಗವನ್ನು ಬೆರಳಿಂದ ಮುಟ್ಟಿ ನೋಡಿದೆ. ಕೂಡ್ರಮ್ಮ ಎಂದು ಅವರೇ ಸ್ಟೂಲು ಎಳೆದರು. ಯಾವ ಕಡೆ ಸೇರುತ್ತೇನೆಂದು ಬರೆದುಕೊಟ್ಟು ಹೊರಗೆ ಬಂದೆ.

ಬೇವಿನ ಮರದ ಕೆಳಗೆ ಭವ್ಯಾ ಖಾರಮಂಡಕ್ಕಿ ತಿನ್ನುತ್ತಿದ್ದಳು. ಅಂಜನಕುಮಾರ್ ಎರಡು ಮಾರು ದೂರದಲ್ಲಿ, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನಂತೆ ನಿಂತಿದ್ದರು. ಪಾಸಾದೆ ಎಂದೆ. ಗೊತ್ತಿತ್ತು ಎಂದರು.

"ಮೊದಲೇ ಒಂದು ಮಾತು ಹೇಳಬಾರದಿತ್ತಾ? ಬೆಳಗಿಂದ ಏನೇನು ಅನ್ಕೊಂಡೆ ಗೊತ್ತೇನ್ರಿ?"

"ನನ್ನ ಮನಸ್ನಾಗಿರೋದು ಹೇಳಿದ್ರೆ ಬ್ಯಾಡ ಅನ್ನಕ್ಕೆ ನಿಮಗೆ ಆಗ್ತಿತ್ತಾ?" ಅವರು ನೆಲ ನೋಡುತ್ತಲೇ ಹೇಳಿದರು. "ಪಾಸು ಫೇಲು ನನ್ನ ಕೈಯಾಗೆ ಇತ್ತು. ಆವಾಗ ಹೂಂ ಅಂದ್ರೂ ಅದು ಹೂಂ ಹೆಂಗೆ ಆಗ್ತೈತ್ರಿ? ಈಗ ಬ್ಯಾಡ ಅಂದ್ರೆ ನಿಮಗೇನೂ ಕಮ್ಮಿ ಆಗಲ್ಲ."

"ನಿಮಗೆ?"

ಆಗ ತಲೆ ಎತ್ತಿದರು. ದೃಷ್ಟಿಯನ್ನು ಅರ್ಧಕ್ಕೆ ತಿರುಗಿಸದೆ ಪೂರ್ತಿಯಾಗಿ ನನ್ನನ್ನು ನೋಡಿದರು.

"ನನಗೆ ಆಗ್ತೈತೆ."

ರಸ್ತೆಯಲ್ಲಿ ಒಂದು ಲಾರಿ ಹೋಯಿತು. ಅದರ ಸದ್ದು ಮುಗಿಯುವವರೆಗೆ ನಾನು ಕಾಯಬೇಕಾಯಿತು.

"ವಾಮದೇವಪ್ಪ ಸರ್ ಕಡೇನೇ ಸೇರ್ತೀನಿ ಅಂತ ಬರ್ಕೊಟ್ಟೆ" ಎಂದೆ.

ಅವರ ಮುಖ ಇಳಿಯಿತು. ಒಳ್ಳೇದು, ಒಳ್ಳೇ ಶಾಪು ಎಂದು ಮೆಲ್ಲಗೆ ಹೇಳಿದರು.

"ನಿಮ್ಮ ಶಾಪಿಗೆ ಬಂದ್ರೆ ನೀವು ಮತ್ತೆ ಸರ್ರೇ ಆಗ್ತೀರಿ" ಎಂದೆ. "ನನಗೆ ಇನ್ನು ಸರ್ ಬ್ಯಾಡ್ರಿ."

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗು ಬಂತು. ಮೊದಲು ಕಣ್ಣಿಗೆ, ಆಮೇಲೆ ತುಟಿಗೆ.

ಭವ್ಯಾ ಎದ್ದು ಬಂದಳು. ಕೈಯನ್ನು ಲಂಗಕ್ಕೆ ಒರೆಸಿಕೊಂಡು ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಎಂದಿನಂತೆ ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ. ಅಂಜನಕುಮಾರ್ ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತರು.

"ನೀವು ನಮ್ಮನಿಗೆ ಬಂದ್ರೆ," ಅವಳು ಕೇಳಿದಳು, "ನಮ್ಮಪ್ಪನ ಫೋಟೋ ಗೋಡೆ ಮ್ಯಾಲೇ ಇರ್ತೈತಾ?"