ಮೂರನೆಯ ಕರೆ

“ಗೋಡೆ ಗೂಡಲ್ಲಿರೋ ಆ ಕುಡಿಕೆ ತಂಟೆಗೆ ಹೋಗ್ಬೇಡ ಕಣಮ್ಮ, ಮಾಟದ್ದು,” ಎಂದರು ಮನೆಯೊಡತಿ ಲಿಂಗಮ್ಮ, ಬೀಗದ ಕೈ ಕೊಡುತ್ತಾ. “ತಾಯಿ ದನೀಲಿ ಮಕ್ಕಳನ್ನ ಕರೆಯತ್ತೆ. ಒಂದೇ ಸಲ. ಅದಕ್ಕೇ ಮೂರು ಸಲ ಕರೆದ್ರೇನೇ ಇಲ್ಲಿ ಮಕ್ಕಳು ಓಗೊಡಬೇಕು.”

“ಹಂಗಾದ್ರೆ ಭಯ ಇಲ್ಲ ಬಿಡಿ ಆಂಟಿ. ನನ್ನ ಮಗಳು ಹತ್ತು ಸಲ ಕರೆದ್ರೂ ಓಗೊಡಲ್ಲ!” ಪ್ರಭಾ ನಕ್ಕಳು.

ಲಿಂಗಮ್ಮ ನಗಲಿಲ್ಲ. “ನನ್ನ ಮಗ ಒಂದೇ ಸಲಕ್ಕೆ ಓಗೊಟ್ಟಿದ್ದ,” ಎಂದು ಮೆಟ್ಟಿಲಿಳಿದರು.

ಮನುಷ್ಯರಿಲ್ಲದ ಗ್ರಹವೊಂದರ ಪುಟ್ಟ ಸಿನಿಮಾಕ್ಕೆ ಪ್ರಭಾ, ಮಹಾಲಕ್ಷ್ಮಿ ಲೇಔಟಿನ ಭೈರೇಶನ ಜೊತೆ ಸೇರಿ ಸಂಗೀತ ಕಟ್ಟುತ್ತಿದ್ದಳು. ವಾದ್ಯಗಳಿರಲಿಲ್ಲ. ಫ್ಯಾನಿನ ಗುಂಯ್‌ಗುಡುವಿಕೆ, ಕುಕ್ಕರಿನ ನಿಟ್ಟುಸಿರು, ಮೆಟ್ರೋ ಕಂಬದ ನಡುಕ. ಇವಳು ಸದ್ದು ಹಿಡಿದು ಕಳಿಸುವಳು; ಅವನು ಕಂಪ್ಯೂಟರಿನಲ್ಲಿ ಎಳೆದು, ಹಿಗ್ಗಿಸಿ, ಮೇಲೊಂದು ಪದರ ಹಾಕಿ ಹಿಂದಿರುಗಿಸುವನು. ಗ್ರಹದ ಉಸಿರು ಮಾತ್ರ ಸಿಕ್ಕಿರಲಿಲ್ಲ.

ಪಾತ್ರೆ ತೊಳೆದ ಕೈ ಒರೆಸಿಕೊಂಡು, ಒಂದು ಮಧ್ಯಾಹ್ನ ಅವಳು ಗೂಡಿನಲ್ಲಿದ್ದ ಕುಡಿಕೆಗೆ ಗುಂಡಿಯಷ್ಟಗಲದ ಮೈಕು ಅಂಟಿಸಿದಳು. ಬಾಯಿಗೆ ಕಟ್ಟಿದ ಕೆಂಪು ಬಟ್ಟೆಯಿಂದ ಸುಟ್ಟ ಕೂದಲಿನ ಕಮಟು. ಬಟ್ಟೆ ಬಿಚ್ಚಲಿಲ್ಲವಲ್ಲ, ಬರೀ ಕೇಳಿಸಿಕೊಂಡರೆ ಏನಾದೀತು? ಒಳಗೆ ಏನೋ ಮೆಲ್ಲಗೆ ಗುನುಗುತ್ತಿತ್ತು. ಭೈರೇಶನಿಗೆ ಕಳಿಸಿದಳು.

ಮರುದಿನ ಸಂಜೆ ನಾಲ್ಕಕ್ಕೆ ಅವನ ಪದರ ಬಂತು. ಸ್ಕೂಲಿನಿಂದ ಬಂದ ಸ್ಪಂದನ ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು. ಸ್ಪೀಕರಿನಲ್ಲಿ ಗುನುಗು ತುಂಬಿಕೊಂಡಿತು. ಅಷ್ಟರಲ್ಲಿ ಫೋನು.

“ಅಕ್ಕ, ಸಖತ್ತಾಗಿದೆ! ಕೊನೇಲಿ ಮಗಳನ್ನ ಕರೆದಿದೀರಲ್ಲ, ಅದನ್ನ ಮೂರು ಸಲ ಬರೋ ಹಾಗೆ ಮಾಡಿದೀನಿ.”

“ನಾನು ಕರೆದಿಲ್ಲ ಕಣೋ.”

ಸ್ಪಂದನಾ, ಎಂದಿತು ಸ್ಪೀಕರು. ಅವಳದೇ ದನಿ.

ಮಗು ತಲೆ ಎತ್ತಿತು.

ಸ್ಪಂದನಾ.

ಪ್ರಭಾ ವೈರು ಕಿತ್ತೆಸೆದಳು. ಸ್ಪೀಕರು ಸತ್ತಿತು. ಮೂರನೆಯದು ಗೂಡಿನೊಳಗಿಂದ ಬಂತು. ಮಗುವಿನ ಬಾಯಿ ತೆರೆಯಿತು. ಪ್ರಭಾ ಹಾರಿ ಅದನ್ನು ಅಂಗೈಯಿಂದ ಮುಚ್ಚಿದಳು. “ಓ!” ಎಂದು ಮಗುವಿನ ಬದಲು ತಾನೇ ಕೂಗಿದಳು.

ಗಂಟಲಿನಿಂದ ದಾರ ಎಳೆದಂತಾಯಿತು. ಮತ್ತೆ ಮಾತು ಹೊರಡಲಿಲ್ಲ.

ಕೆಳಗಿನಿಂದಲೇ ಮೂರೂ ಕರೆ ಕೇಳಿ ಓಡಿಬಂದ ಲಿಂಗಮ್ಮ ಕುಡಿಕೆಗೆ ಹೊಸ ಬಟ್ಟೆ ಬಿಗಿದರು. “ದನಿ ಹೋಯ್ತು, ಮಗು ಉಳೀತು. ಬೆಳಿಗ್ಗೇನೇ ಹೊರಟುಬಿಡು ತಾಯಿ. ಈಗದು ಮೂರು ಸಲ ಕರೆಯೋದು ಕಲ್ತಿದೆ.”

ರಾತ್ರಿಯಿಡೀ ಸ್ಪಂದನ ಅಮ್ಮನ ಗಂಟಲು ಸವರುತ್ತಾ ಅತ್ತಳು. “ಒಂದು ಸಲ ನನ್ನ ಹೆಸರು ಕರಿ ಅಮ್ಮ.”

ಬೆಳಿಗ್ಗೆ ಆಟೋ ಬಂತು. ಪ್ರಭಾ ಚೀಲ ಒಳಗಿಟ್ಟು ತಿರುಗಿದಳು. ಕೈಹಿಡಿದಿದ್ದ ಮಗು ಇಲ್ಲ. ಮೇಲೆ ಮರೆತ ಬಣ್ಣದ ಡಬ್ಬಿ ತರಲು ಓಡಿತ್ತು.

ಮೇಲಿನಿಂದ ತನ್ನದೇ ದನಿ ಕೇಳಿತು. ಸ್ಪಂದನಾ.

ಪ್ರಭಾ ಓಡಿದಳು. ಮೆಟ್ಟಿಲು. ತಿರುವು. ಸ್ಪಂದನಾ. ಬೇಡ ಎಂದು ಬಾಯಿ ತೆರೆದಳು. ಬರೀ ಗಾಳಿ. ಬಾಗಿಲು ತಳ್ಳಿದಳು. ಒಳಗಿನಿಂದ ಚಿಲಕ.

ಸ್ಪಂದನಾ.

“ಅಮ್ಮಾ! ದನಿ ಬಂತಾ?” ಮಗು ಖುಷಿಯಿಂದ ಕೂಗಿತು. “ಓ! ಬಂದೆ!”