ಬರೆದದ್ದನ್ನು ಹೊಡೆದು ಹಾಕಿದವನು

ಸಿನಿಮಾದಲ್ಲಾದರೆ ನಾಯಕ, ನಾಯಕಿ ಮೊದಲ ಸಲ ಎದುರಾದಾಗ ತಂಗಾಳಿ ಬೀಸಬೇಕು. ಕಾರ್ಖಾನೆಗಳ ಊರಾದ ಕುರಕುಂಭದಲ್ಲಿ ಗಾಳಿ ಬೀಸಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ.

ರೇಣು ಮುಚ್ಚಿಕೊಳ್ಳಲಿಲ್ಲ. ಕೆಮಿಕಲ್ ಫ್ಯಾಕ್ಟರಿಯ ಗೇಟಿನಲ್ಲಿ ಸೂಪರ್‌ವೈಸರ್ ಬಸವಲಿಂಗನಿಗೆ ಅಡ್ಡ ನಿಂತಳು. ಅವಳ ತಮ್ಮ ಮನೋಹರ ಒಳಗೆ ವಿಷಾನಿಲ ಸೇವಿಸಿ ಸತ್ತು ಒಂಬತ್ತು ದಿನವಾಗಿತ್ತು. ಅದು ೧೯೯೮ರ ಮಾರ್ಚ್.

“ನನ್ನ ತಮ್ಮಂದ ತಪ್ಪು ಅಂತ ರಿಪೋರ್ಟಿನ್ಯಾಗ ಬರದವ್ರು ನೀವ ಏನ್ರಿ?”

“ಮಾಸ್ಕ್ ಹಾಕ್ಕೊಂಡಿರ್ಲಿಲ್ಲ. ಕಣ್ಣಾರೆ ನೋಡಿ ಬರದೀನಿ.”

ಹಾಕಿಕೊಂಡೇ ಇದ್ದ, ಆಮೇಲೆ ತೆಗೆದಿಟ್ಟು ನಾಟಕ ಮಾಡುತ್ತಿದ್ದೀರಿ ಎಂದು ರೇಣು ಹಟ ಹಿಡಿದಳು. ಅವನೊಬ್ಬ ಉಡಾಫೆ ಹುಡುಗ ಎಂದು ಬಸವಲಿಂಗ ದನಿ ಏರಿಸಿದ. ವಾಚ್‌ಮನ್ ಹುಲಿಗೆಪ್ಪ ಕೈಯಲ್ಲಿನ ಚಹಾ ಆರಿದರೂ ಕುಡಿಯದೆ ನಿಂತಿದ್ದ, ಇಂಟರ್ವಲ್ ಇಲ್ಲದ ಪಿಕ್ಚರ್ ನೋಡುವವನಂತೆ.

ಅವಳ ಬಾಯಿ ಮುಚ್ಚಿಸಲೆಂದೇ ಬಸವಲಿಂಗ ಮನೋಹರನ ಮಾಸ್ಕ್ ತರಿಸಿದ.

ಮಾಸ್ಕಿನ ಪಟ್ಟಿಯ ಮೇಲೆ ತಮ್ಮನದೇ ಕೈಬರಹದಲ್ಲಿ ಅವನ ಹೆಸರು... ಅದರ ಮೇಲೆ ದಪ್ಪ ಧೂಳು. ರೇಣು ಬೆರಳಿನಿಂದ ಒರೆಸಿ ನೋಡಿದಳು. ತಿಂಗಳಿಂದ ಇದನ್ನು ಯಾರೂ ಮುಟ್ಟಿಲ್ಲ!

“ಖರೇ ಅದ,” ಎಂದಳು ಕಡೆಗೆ. “ಅವ ಹಾಕ್ಕೊಂಡಿಲ್ಲ. ನಾ ಹೇಳಿದ್ದು ತಪ್ಪು... ಆದರ ಯಾಕ ಹಾಕ್ಕೊಳ್ಳಿಲ್ಲ? ನೀವೊಮ್ಮೆ ಹಾಕ್ಕೊಂಡ್ ನೋಡ್ರಿ.”

ಬೈಗುಳಕ್ಕೆ ತಯಾರಾಗಿದ್ದ ಬಸವಲಿಂಗ ಮಾಸ್ಕ್ ಕೈಗೆತ್ತಿಕೊಂಡ. ಹಾಕಿಕೊಂಡ.

ಉಸಿರು ಒಳಗೆ ಬರಲೇ ಇಲ್ಲ. ಫಿಲ್ಟರ್ ಪೂರಾ ಕಟ್ಟಿಕೊಂಡಿತ್ತು. ಹೊಸದು ಬೇಕೆಂದು ಮನೋಹರ ಎರಡು ಸಲ ತನ್ನ ಟೇಬಲ್ಲಿನ ಮುಂದೆ ಬಂದು ನಿಂತದ್ದು, ಆಮೇಲೆ ನೋಡೋಣವೆಂದು ತಾನು ಕಳಿಸಿದ್ದು... ಬಸವಲಿಂಗನಿಗೆ ಎಲ್ಲ ನೆನಪಾಯಿತು.

ಮಾಸ್ಕ್ ಕಿತ್ತು ತೆಗೆದಾಗ ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು.

“ತಪ್ಪು ಅವಂದಲ್ಲ. ನಂದು.”

ಅಂದೇ ರಿಪೋರ್ಟಿನಲ್ಲಿ ಮನೋಹರನ ಹೆಸರು ಹೊಡೆದು ತನ್ನ ಹೆಸರು ಬರೆದ. ಮರುದಿನ ಕೆಲಸ ಹೋಯಿತು.

ಶಹರದ ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಸೇರಿಕೊಂಡ ಮೇಲೂ ಮನೋಹರನ ಸಾವಿನ ವಿಚಾರಣೆಯಲ್ಲಿ ಏನಾಯಿತೆಂದು ಹೇಳಲು ಪ್ರತಿ ಭಾನುವಾರ ಅದೇ ಶಹರದ ಯೆರವಡಾದಲ್ಲಿದ್ದ ರೇಣುವಿನ ಮನೆಗೆ ಬರುತ್ತಿದ್ದ. ಅವಳ ತಾಯಿ ಕಾಶವ್ವ ಅವನ ಮುಖ ನೋಡುತ್ತಿರಲಿಲ್ಲ. ರೇಣು ಮೊದಮೊದಲು ಬೈಯಲಿಕ್ಕೆಂದು ಕಾಯುತ್ತಿದ್ದಳು. ಆಮೇಲಾಮೇಲೆ ಬರೀ ಕಾಯುತ್ತಿದ್ದಳು.

ಮನೋಹರನದು ತಪ್ಪಿಲ್ಲವೆಂದು ತೀರ್ಪಾದ ಮೇಲೆ ಅವನು ಬರಲಿಲ್ಲ. ಒಂದು ಭಾನುವಾರ, ಎರಡು, ಐದು...

ರೇಣುವೇ ಅಂಗಡಿಗೆ ಹೋಗಿ ಯಾಕೆ ಬರುತ್ತಿಲ್ಲವೆಂದು ಕೇಳಿದಳು. ಬಸವಲಿಂಗ ಸೀರೆ ಮಡಚುತ್ತ ತಲೆ ತಗ್ಗಿಸಿದ. ಮಗನನ್ನು ಕಳೆದುಕೊಂಡ ತಾಯಿಯ ಎದುರು ಕೂರಲು ತನಗೆ ಮುಖವಿಲ್ಲ, ಬೇರೆ ಒಳ್ಳೆಯ ಹುಡುಗನನ್ನು ನೋಡಿಕೋ ಎಂದ. ತನ್ನನ್ನು ಕಂಡಾಗಲೆಲ್ಲ ಅವಳಿಗೆ ತಮ್ಮನ ಸಾವೇ ನೆನಪಾಗುತ್ತದೆ ಎಂದೂ ವಾದಿಸಿದ.

“ಆಗ್ತದ,” ಎಂದಳು ರೇಣು. “ನೆನಪಾದಾಗೆಲ್ಲ ನಿಮ್ಮ ಮ್ಯಾಲೆ ಸಿಟ್ಟೂ ಬರ್ತದ. ಮರತೀನಿ ಅಂತ ತಿಳ್ಕೋಬ್ಯಾಡ್ರಿ. ಆದರೂ... ನೀವು ಬೇಕ್ರಿ ನನಗ.”

ಬಸವಲಿಂಗ ಕೈಯಲ್ಲಿನ ಸೀರೆ ಬದಿಗಿಟ್ಟು ಅವಳತ್ತ ತಲೆ ಎತ್ತಿದ.

“ಸಿಟ್ಟು ಬಂದಾಗ ನಾ ಎಲ್ಲಿರಬೇಕು, ರೇಣು?”

“ಎದುರಿಗೆ,” ಎಂದಳು. “ಎದ್ದು ಹೋಗಬಾರದು.”