ಅಳಿಯ ರಿಪೇರಿ ಮಾಡಿದ ಬೈಕು

ಗ್ಯಾರೇಜಿನ ಯಜಮಾನರು ಏರುರಸ್ತೆಯ ಪಕ್ಕದ ಚರಂಡಿಯಲ್ಲಿ ಬಿದ್ದಿದ್ದರು. ಕಾಲು ಮುರಿದಿತ್ತು. ಪ್ರಜ್ಞೆ ಇರಲಿಲ್ಲ. ಸ್ವಲ್ಪ ಮೇಲೆ ಹಳೇ ಬೈಕು ಅಡ್ಡಬಿದ್ದಿತ್ತು. ಓಡುತ್ತಿದ್ದ ಇಂಜಿನ್ ಒಳಗೇ ಕಚ್ಚಿಕೊಂಡು, ಹಿಂದಿನ ಚಕ್ರ ಬಿಗಿದುಹೋಗಿತ್ತು.

ಅವರನ್ನು ಆಸ್ಪತ್ರೆಗೆ ಸಾಗಿಸಿ ಇನ್ಸ್‌ಪೆಕ್ಟರಮ್ಮ ತಿರುಗುವಷ್ಟರಲ್ಲಿ ಯಜಮಾನರ ಮಗ ಅಪರಾಧಿಯನ್ನೂ ತೋರಿಸಿಬಿಟ್ಟ.

"ನಮ್ಮ ಭಾವನೇ ಮೇಡಂ. ನಿನ್ನೆ ಇದನ್ನ ಬಿಚ್ಚಿದ್ದು ಅವರೇ. ಏನು ಎಡವಟ್ಟು ಮಾಡಿದ್ರೋ! ಅಪ್ಪನ ಪ್ರಾಣಾನೇ ಹೋಗ್ತಿತ್ತು."

ಭಾವ, ಅಂದರೆ ಅಕ್ಕನ ಗಂಡ, ಯಜಮಾನರ ಅಳಿಯ, ಅದೇ ಗ್ಯಾರೇಜಿನ ಇನ್ನೊಬ್ಬ ಮೆಕ್ಯಾನಿಕ್. ರಸ್ತೆಯಂಚಿನಲ್ಲಿ ಗರ ಬಡಿದವನ ಹಾಗೆ ಕೂತಿದ್ದ. ತಪ್ಪು ಅವನದೇ ಅಂತಾದರೆ ಜೈಲು. ಅದಿರಲಿ, ಅಪ್ಪನನ್ನು ಬೀಳಿಸಿದ ಗಂಡ ಅಂತ ಹೆಂಡತಿಗೆ ಮುಖ ತೋರಿಸೋದು ಹೇಗೆ? ಅದು ಜೈಲಿಗಿಂತ ಕಷ್ಟ.

* * *

ಬೈಕನ್ನು ಗ್ಯಾರೇಜಿಗೆ ತಂದರು. ಇನ್ಸ್‌ಪೆಕ್ಟರಮ್ಮನ ಮನೆಯಲ್ಲೂ ಇಂಥದ್ದೇ ಒಂದು ಮುದಿ ಬೈಕಿತ್ತು. ಅದರ ಕೆಮ್ಮು, ನೆಗಡಿ ಎಲ್ಲ ಅವರಿಗೆ ಗೊತ್ತು. ಪ್ಲಗ್ ಬಿಚ್ಚಿಸಿದರು. ತುದಿ ಬೂದಿಯ ಹಾಗೆ ಬೆಳ್ಳಗಾಗಿತ್ತು.

"ಪೆಟ್ರೋಲ್ ಸಾಲದೆ, ಬರೀ ಗಾಳಿ ಕುಡಿದು ಕಾದುಹೋಗಿದೆ," ಅಂದರು. "ಯಾಕೆ?"

"ಪೆಟ್ರೋಲ್ ಕಲಬೆರಕೆ ಇರಬಹುದು," ಅಂದ ಅಳಿಯ.

ಅದೇ ಕ್ಯಾನಿನ ಪೆಟ್ರೋಲಿಗೆ ಪಕ್ಕದ ಬೈಕು ಸುಖವಾಗಿ ಓಡಿತು. ಗಾಳಿ ಸೋರುತ್ತಿದೆಯೋ ಅಂದರೆ ಕೊಳವೆಯ ರಬ್ಬರ್ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಉಳಿದದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್. ತಳದ ಬೌಲ್ ಬಿಚ್ಚಿ ಮೇನ್ ಜೆಟ್ ಹೊರತೆಗೆದರು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ಚೂರು.

"ಅಯ್ಯೋ, ಇದು ನಾನು ಹಾಕಿದ್ದಲ್ಲ!" ಅಳಿಯ ಕೂಗಿದ. "ನಾನು ದೊಡ್ಡ ತೂತಿಂದು ಹಾಕಿದ್ದೆ. ಇದು ಎಲ್ಲಕ್ಕಿಂತ ಸಣ್ಣದು!"

"ಸಿಕ್ಕಿಬಿದ್ದ ಮೇಲೆ ಎಲ್ರೂ ಹೇಳೋದು ಇದನ್ನೇ," ಮಗ ಗೊಣಗಿದ.

"ಸ್ಟಾರ್ಟ್ ಮಾಡಿದಾಗ ಗೊತ್ತಾಗಲಿಲ್ವಾ?" ಇನ್ಸ್‌ಪೆಕ್ಟರಮ್ಮ ಅಳಿಯನನ್ನು ಕೇಳಿದರು.

"ಆಗಲ್ಲ ಮೇಡಂ. ಸ್ಲೋ ಓಟಕ್ಕೆ ಬೇರೆ ಜೆಟ್ಟು. ಆಕ್ಸಿಲರೇಟರ್ ಪೂರ್ತಿ ತಿರುವಿದಾಗಲೇ ಇದರ ಕೆಲಸ. ಅದಕ್ಕೇ ನಮ್ಮಲ್ಲಿ ರಿಪೇರಿ ಮಾಡಿದೋನೇ ಏರು ಹತ್ತಿಸಿ ನೋಡ್ಬೇಕು ಅಂತ ಮಾವನ ಕಟ್ಟಪ್ಪಣೆ."

"ಮತ್ತೆ ಇವತ್ತು ಅವರೇ ಯಾಕೆ ಹತ್ತಿಸಿದ್ರು?"

"ಕೀ ಕಿತ್ಕೊಂಡ್ರು. 'ನನ್ನ ಅಳಿಯನ ಕೈಗುಣ ನಾನೇ ನೋಡ್ತೀನಿ' ಅಂದ್ರು."

ಮಗನ ದವಡೆ ಬಿಗಿಯಿತು. ಇನ್ಸ್‌ಪೆಕ್ಟರಮ್ಮ ಅದನ್ನೂ ನೋಡಿದರು. ಹಾಗಾದರೆ ಬೀಳಬೇಕಾಗಿದ್ದವನು ಅಳಿಯ!

ಉಳಿದದ್ದನ್ನು ಬೀದಿಯವರೇ ಹೇಳಿದರು. ಏರಿನಲ್ಲಿ ಕೆಮ್ಮುತ್ತಿದ್ದ ಆ ಬೈಕಿನ ಮುಂದೆ ಮಗ ವಾರಗಟ್ಟಲೆ ತಿಣುಕಿದ್ದ. ಅಳಿಯ ಶಬ್ದ ಕೇಳಿದ, ಜೆಟ್ ಬದಲಾಯಿಸಿದ, ಮುಗೀತು. ಯಜಮಾನರು ಅದನ್ನು ಊರಿಗೆಲ್ಲ ಡಂಗುರ ಸಾರಿದ್ದರು. ಮಗನನ್ನು ಮಾತ್ರ ಒಂದು ದಿನ ಭೇಷ್ ಅಂದವರಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ! ಭಾವ ನಿಂತರೂ ಮಗನಿಗೆ ಉರಿ, ಕೂತರೂ ಉರಿ.

ಆದರೆ ಹೊಟ್ಟೆಕಿಚ್ಚು ಸಾಕ್ಷಿಯಾಗುತ್ತದೆಯೇ? ಇನ್ಸ್‌ಪೆಕ್ಟರಮ್ಮ ಗ್ಯಾರೇಜಿನ ಬೈಕುಗಳನ್ನೆಲ್ಲ ಬಗ್ಗಿ ಬಗ್ಗಿ ನೋಡಿದರು. ಆಮೇಲೆ ಪೆಟ್ರೋಲ್ ಸೋರದ ಹಾಗೆ ಬೌಲಿನ ಅಂಚಿಗೆ ಕೂರಿಸಿದ್ದ ತೆಳು ಪ್ಯಾಕಿಂಗ್ ಬಿಡಿಸಿಕೊಂಡು ಆಸ್ಪತ್ರೆಗೆ ಹೊರಟರು.

* * *

ವಾಪಸು ಬಂದವರೇ ಮಗನ ಎದುರು ನಿಂತರು.

"ನಿಮ್ಮ ಭಾವನ ಕಿವಿ ಚುರುಕು, ಕೈ ಒರಟು. ಪ್ಯಾಕಿಂಗ್ ಹರಿದ್ರೆ ಪೇಸ್ಟ್ ಮೆತ್ತಿ ಮುಚ್ಚಿಬಿಡ್ತಾರೆ. ಅವರು ಮುಟ್ಟಿದ ಬೈಕಲ್ಲೆಲ್ಲ ಅಂಚಿಗೆ ಪೇಸ್ಟ್ ಉಕ್ಕಿದೆ. ಇದರಲ್ಲಿ ಮಾತ್ರ ಹೊಸ ಪ್ಯಾಕಿಂಗ್. ಹಾಳೆಯಿಂದ ಕೈಯಲ್ಲೇ ಕತ್ತರಿಸಿದ್ದು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಂದ್ರೆ ಅವರಾದ ಮೇಲೆ ಇನ್ನೊಬ್ಬರು ಬಿಚ್ಚಿ, ಜೆಟ್ ಬದಲಾಯಿಸಿ, ಮುಚ್ಚಿದ್ದಾರೆ. ನೀವೂ ಅದೇ ಪೇಸ್ಟ್ ಮೆತ್ತಿದ್ರೆ ನನ್ನ ಕೈಲಿ ಹಿಡಿಯೋಕೆ ಆಗ್ತಿರಲಿಲ್ಲ."

"ಪೇಸ್ಟ್ ಮೆತ್ತೋದಾ?" ಮಗ ಸಿಡಿದ. "ಥೂ! ಅದೂ ಒಂದು ಕೆಲಸಾನಾ ಮೇಡಂ?"

ಮಾತು ಬಾಯಿಂದ ಬಿದ್ದ ಮೇಲೆ ಅವನ ಮುಖ ಬಿಳಿಚಿಕೊಂಡಿತು. ಅಳಿಯ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಸಾಯಿಸೋಕಲ್ಲ," ಅಂದ ಮಗ. "ಎಲ್ರೂ ಊಟಕ್ಕೆ ಹೋದಾಗ ಬದಲಾಯಿಸಿದೆ. ಅವನು ಏರಲ್ಲಿ ಕೆಟ್ಟು ನಿಲ್ಬೇಕಿತ್ತು, ಬೀದಿ ನಗಬೇಕಿತ್ತು, ಅಷ್ಟೇ. ಅಪ್ಪ ಹೊರಟಾಗ ನಾನು ಇಲ್ಲಿರಲಿಲ್ಲ. ಇದ್ದಿದ್ರೆ ಅಡ್ಡ ಬೀಳ್ತಿದ್ದೆ ಮೇಡಂ." ಭಾವನ ಕಡೆ ಕೈತೋರಿಸಿ ಕೇಳಿದ, "ಪ್ಯಾಕಿಂಗ್ ನಂದೇ ಅಂತ ಯಾರು ಹೇಳಿದ್ದು? ಇವನಾ?"

"ನಿಮ್ಮಪ್ಪ. ಪ್ರಜ್ಞೆ ಬಂದಿದೆ. ಎಲ್ಲಿ ಸಿಕ್ತು ಅಂತ ಹೇಳದೆ ತೋರಿಸಿದೆ. 'ಇದು ನನ್ನ ಮಗನ ಕೈ. ಇಷ್ಟು ಅಚ್ಚುಕಟ್ಟು ನನಗೂ ಬರಲ್ಲ. ನಮ್ಮ ಅಳಿಯನಿಗಂತೂ ಏಳು ಜನ್ಮಕ್ಕೂ ಬರಲ್ಲ' ಅಂದ್ರು."

"ಅಪ್ಪ ಹಾಗಂದ್ರಾ?"

"ಅಂದ್ರು."

ಪೇದೆ ಜೀಪಿನ ಬಾಗಿಲು ತೆಗೆದ. ಮಗ ಹತ್ತಲಿಲ್ಲ. ಬಿಕ್ಕಳಿಸುತ್ತ ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿದ.

"ಮೇಡಂ, ಇನ್ನೊಂದ್ಸಲ ಹೇಳಿ. ಏನಂದ್ರು?"